ಬೆಳ್ಳಿ ಕಿವಿಯ ಸಿಹಿಸಾರು: ಲೋಳೆ ಬಿಡುವ ತನಕ ಸಕ್ಕರೆ ಮುಟ್ಟಬೇಡಿ

ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ ನಾನು ಬಾಡಿಗೆಗಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಅಲ್ಲಿ ಅಮ್ಮನ ವಯಸ್ಸಿನವರನ್ನೆಲ್ಲ 'ಆಯೀ' ಎನ್ನುವುದು ರೂಢಿ. ಚಿಕ್ಕಮ್ಮ ಎಂಬಂಥ ಅರ್ಥ. ಧಾರವಾಡದ ಕಡೆಯವನಾದ ನನಗೆ ಅದು ಬಾಯಿಗೆ ಕಷ್ಟವಾಗಲಿಲ್ಲ. ಅಜ್ಜಿಯನ್ನು ಆಯಿ ಎಂದು ಕರೆದೇ ಬೆಳೆದವನು. ಅಕ್ಟೋಬರ್ ಕೊನೆಗೆ ಆ ಊರಲ್ಲಿ ಒಣಹವೆ ಶುರುವಾಗಿ ತುಟಿ ಒಡೆಯುತ್ತದೆ, ಗಂಟಲು ಕೆರೆಯುತ್ತದೆ. ಒಂದು ಸಂಜೆ ನಾನು ಕೆಮ್ಮುತ್ತ ಮೆಟ್ಟಿಲು ಹತ್ತುವುದನ್ನು ಕೇಳಿ ಆಯಿ ಬಾಗಿಲು ತೆರೆದು ಒಂದು ಬಟ್ಟಲು ಕೈಗಿಟ್ಟರು.

ನೋಡಲು ಹಾಲಿಲ್ಲದ ಸಬ್ಬಕ್ಕಿ ಪಾಯಸ. ಅಂಟಂಟಾದ ತಿಳಿ ರಸ, ಅದರಲ್ಲಿ ಸೇವಂತಿಗೆ ಎಸಳಿನಂಥ ಬಿಳಿ ತುಂಡುಗಳು, ಉಬ್ಬಿದ ಕೆಂಪು ಹಣ್ಣು, ಮೆತ್ತಗೆ ಬೆಂದ ಮರಸೇಬು. ಎಸಳನ್ನು ಬಾಯಿಗಿಟ್ಟರೆ ತಾಟಿನಿಂಗಿನ ಹಾಗೆ ಜಾರುತ್ತದೆ, ಆದರೆ ಹಲ್ಲಿಗೆ ಸಣ್ಣಗೆ ಕರಕ್ ಎನ್ನುತ್ತದೆ. ಇದೇನು ಎಂದೆ. "ಅಣಬೆ" ಎಂದರು. ಅಣಬೆಯ ಪಾಯಸ! ಊರಲ್ಲಿ ನಮ್ಮ ಆಯಿಗೆ ಹೇಳಿದ್ದರೆ ಬಟ್ಟಲನ್ನೂ ನನ್ನನ್ನೂ ಒಟ್ಟಿಗೆ ಹೊರಗೆ ಕೂರಿಸುತ್ತಿದ್ದರು.

ಆಮೇಲೆ ಇದನ್ನು ಅವರ ಅಡುಗೆಮನೆಯಲ್ಲೇ ನಿಂತು ಕಲಿತೆ. ಕಲಿಯುವಾಗ ತಿಳಿದದ್ದು ಇಷ್ಟು: ಪಾಯಸ ಮಾಡಿ ಪಳಗಿದ ಕೈ ಇಲ್ಲಿ ಸಹಾಯಕ್ಕೆ ಬರುವುದಕ್ಕಿಂತ ಅಡ್ಡ ಬರುವುದೇ ಹೆಚ್ಚು. ನಮಗೆ ಸಿಹಿ ಮುಂದೆ, ಉಳಿದದ್ದು ಹಿಂದೆ. ಅವರಿಗೆ ಲೋಳೆ ಮುಂದೆ, ಸಿಹಿ ಕಟ್ಟಕಡೆಗೆ.

ಇದು ಯಾವ ಅಣಬೆ?

ಚೀನೀ ಭಾಷೆಯಲ್ಲಿ ಯಿನ್ ಅರ್, ಅಂದರೆ ಬೆಳ್ಳಿ ಕಿವಿ. ಗುವಾಂಗ್‌ಝೌ, ಹಾಂಗ್‌ಕಾಂಗ್ ಕಡೆಯವರು ಹಿಮದ ಕಿವಿ ಎನ್ನುತ್ತಾರೆ. ಹೊರದೇಶಗಳ ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ವೈಟ್ ಫಂಗಸ್ ಅಥವಾ ಸ್ನೋ ಫಂಗಸ್ ಎಂದಿರುತ್ತದೆ. ಶಾಸ್ತ್ರೀಯ ಹೆಸರು ಟ್ರೆಮೆಲ್ಲಾ ಫ್ಯೂಸಿಫಾರ್ಮಿಸ್. ನೂಡಲ್ಸ್‌ನಲ್ಲಿ ಸಿಗುವ ಕರಿ ಮರಗಿವಿ ಬೇರೆ ಜಾತಿಯದು. ಅದನ್ನು ಎಷ್ಟು ಹೊತ್ತು ಕುದಿಸಿದರೂ ಇಂಥ ಲೋಳೆ ಬರುವುದಿಲ್ಲ.

ಈ ಅಣಬೆಯ ಬದುಕೇ ವಿಚಿತ್ರ. ಇದು ಮರವನ್ನು ತಾನಾಗಿ ಜೀರ್ಣಿಸಿಕೊಳ್ಳಲಾರದು. ಅದೇ ಮರದಲ್ಲಿ ಬೆಳೆಯುವ ಇನ್ನೊಂದು ಶಿಲೀಂಧ್ರದ ಬೆನ್ನು ಹತ್ತಿ, ಅದು ಕರಗಿಸಿಟ್ಟದ್ದನ್ನು ತಿಂದು ಬೆಳೆಯುತ್ತದೆ. ಹಾಗಾಗಿ ಬಹುಕಾಲ ಇದನ್ನು ಬೇಕೆಂದಾಗ ಬೆಳೆಯಲು ಆಗುತ್ತಿರಲಿಲ್ಲ. ಸಿಚುವಾನ್‌ನ ಟೊಂಗ್‌ಜಿಯಾಂಗ್‌ನಲ್ಲಿ ಮರದ ದಿಮ್ಮಿಗಳ ಮೇಲೆ ಸಿಕ್ಕಷ್ಟೇ ಬೆಳೆ, ಉಳ್ಳವರಿಗೆ ಮಾತ್ರ ಎಟಕುವ ಬೆಲೆ. ಎರಡು ಶಿಲೀಂಧ್ರಗಳನ್ನೂ ಜೋಡಿಯಾಗಿ ಬಿತ್ತಬೇಕು ಎಂಬ ಗುಟ್ಟು ಗೊತ್ತಾಗಿ, 20ನೇ ಶತಮಾನದ ಉತ್ತರಾರ್ಧದಲ್ಲಿ ಫುಜಿಯಾನ್ ಪ್ರಾಂತದ ಗುಟಿಯಾನ್‌ನಲ್ಲಿ ಹತ್ತಿಬೀಜದ ಸಿಪ್ಪೆ ತುಂಬಿದ ಚೀಲಗಳಲ್ಲಿ ಬೆಳೆಯತೊಡಗಿದ ಮೇಲೆ ಇದು ಮನೆಮನೆಯ ಸಾಮಾನಾಯಿತು. 'ಬಡವರ ಹಕ್ಕಿಗೂಡು' ಎಂಬ ಅಡ್ಡಹೆಸರು ಈಗಲೂ ಇದೆ. ಶ್ರೀಮಂತರು ಕುಡಿಯುವ ಹಕ್ಕಿಗೂಡಿನ ಸೂಪು ಬಾಯಲ್ಲಿ ಹೀಗೇ ಜಾರುತ್ತದಂತೆ.

ಸಸ್ಯಾಹಾರಿಗಳಿಗೆ ಇಲ್ಲೊಂದು ಎಚ್ಚರಿಕೆ. ಗುವಾಂಗ್‌ಝೌ, ಹಾಂಗ್‌ಕಾಂಗ್‌ಗಳಲ್ಲಿ ಸಿಹಿಸಾರಿಗೆಂದೇ ಅಂಗಡಿಗಳಿವೆ. ಅಲ್ಲಿ ಇವುಗಳನ್ನೆಲ್ಲ ಒಟ್ಟಾಗಿ 'ಸಕ್ಕರೆ ನೀರು' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಎಳ್ಳಿನದು, ಹೆಸರುಕಾಳಿನದು, ಕೆಂಪು ಕಾಳಿನದು ಎಂದು ಬಗೆಬಗೆ ಇರುತ್ತವೆ. ಅನ್ನ ಸಿಗದ ಸಂಜೆ ನಾನು ಹೊಟ್ಟೆ ತುಂಬಿಸಿಕೊಂಡದ್ದೂ ಅಲ್ಲಿಯೇ. ಆದರೆ ಷ್ವೆ ಅರ್, ಅಂದರೆ ಹಿಮದ ಕಿವಿ, ಎಂದರೆ ನಮ್ಮ ಅಣಬೆ, ಷ್ವೆ ಗ ಎಂದರೆ ಕಪ್ಪೆಯ ಅಂಡನಾಳದ ಭಾಗ. ಬೆಂದ ಮೇಲೆ ಎರಡೂ ಬಟ್ಟಲಲ್ಲಿ ಹೆಚ್ಚುಕಡಿಮೆ ಒಂದೇ ಥರ ಬೆಳ್ಳಗೆ ತೇಲುತ್ತವೆ. ಒಂದು ಅಕ್ಷರದ ವ್ಯತ್ಯಾಸ, ಕೇಳಿ ತಿನ್ನಿ. ಅಥವಾ ಮನೆಯಲ್ಲೇ ಮಾಡಿ, ಗೊಂದಲವೇ ಇಲ್ಲ.

ಸಾಮಾನು

ಐದಾರು ಬಟ್ಟಲಿಗೆ ಈ ಲೆಕ್ಕ ಸಾಕು:

ಒಣಗಿದ ಬೆಳ್ಳಿ ಕಿವಿ – 20 ಗ್ರಾಂ (ಮಧ್ಯಮ ಗಾತ್ರದ ಒಂದು ಹೂವು)
ನೀರು – 2 ಲೀಟರ್
ಒಣ ತಾವರೆ ಬೀಜ – ಒಂದು ಹಿಡಿ, ಸುಮಾರು 40 ಗ್ರಾಂ
ಒಣಗಿದ ಕೆಂಪು ಬೋರೆ – 8ರಿಂದ 10
ಮರಸೇಬು – ದೊಡ್ಡದು 1
ಗೋಜಿ ಹಣ್ಣು – 1 ದೊಡ್ಡ ಚಮಚ
ಕಲ್ಲುಸಕ್ಕರೆ – 60ರಿಂದ 80 ಗ್ರಾಂ

ಅಣಬೆ ಕೊಳ್ಳುವಾಗ ಹಾಲಿನಂತೆ ಅಚ್ಚ ಬಿಳುಪು ಕಂಡರೆ ಕೈ ಹಿಂದೆ ತೆಗೆಯಿರಿ. ಗಂಧಕದ ಹೊಗೆ ಹಾಕಿ ಬೆಳ್ಳಗೆ ಮಾಡಿದ್ದಿರಬಹುದು. ಮೂಗಿನ ಹತ್ತಿರ ಹಿಡಿದರೆ ಬೆಂಕಿಕಡ್ಡಿ ಗೀರಿದಂಥ ಚುರುಕು ವಾಸನೆ ಬಂತೆಂದರೆ ಅದು ಬೇಡ. ಒಳ್ಳೆಯ ಬೆಳ್ಳಿ ಕಿವಿ ತುಸು ಹಳದಿ ಬೆರೆತ ಕೆನೆಬಣ್ಣಕ್ಕಿರುತ್ತದೆ, ಎತ್ತಿದರೆ ಹಗುರ, ಒಣಗಿದ್ದರೂ ಎಸಳುಗಳು ಬಿಡಿಬಿಡಿಯಾಗಿ ಅರಳಿಕೊಂಡಿರುತ್ತವೆ. ಬೆಂಗಳೂರಿನಲ್ಲಿ ಆಮದು ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಹುಡುಕಬೇಕು. ಸಿಂಗಪುರದಲ್ಲೋ ಅಮೆರಿಕದಲ್ಲೋ ಇರುವವರಿಗೆ ಹತ್ತಿರದ ಯಾವುದೇ ಚೀನೀ ಅಂಗಡಿ ಸಾಕು. ಹಾಗೆಯೇ ನಮ್ಮ ಮನೆಗಳಲ್ಲಿ ಹಾಲಿಗೆ ಹಾಕಿ ಗಟ್ಟಿ ಮಾಡುವ ಚೈನಾ ಗ್ರಾಸ್ ಇದಲ್ಲ. ಅದು ಕಡಲಪಾಚಿಯಿಂದ ಬರುವ ವಸ್ತು.

ತಾವರೆ ಬೀಜದಲ್ಲೂ ಹೀಗೇ ಮೋಸಹೋಗುವುದುಂಟು. ನಮ್ಮ ಅಂಗಡಿಗಳಲ್ಲಿ ತಾವರೆ ಬೀಜ ಎಂದು ಕೊಡುವುದು ಬಹುಪಾಲು ಮಖಾನ. ಅದು ತಾವರೆಯದಲ್ಲ, ಮುಳ್ಳೆಲೆಯ ಇನ್ನೊಂದು ನೀರುಗಿಡದ ಬೀಜವನ್ನು ಹುರಿದು ಅರಳಿಸಿದ್ದು. ಸಾರಿಗೆ ಹಾಕಿದರೆ ಹತ್ತು ನಿಮಿಷಕ್ಕೆ ಒದ್ದೆ ಮಂಡಕ್ಕಿಯಾಗುತ್ತದೆ. ತಮಾಷೆಯೆಂದರೆ ಅದೇ ಗಿಡದ ಅರಳಿಸದ ಬೀಜವನ್ನು ಚೀನಾದ ದಕ್ಷಿಣದವರು ಬೇರೆ ಸಿಹಿಸಾರುಗಳಿಗೆ ಹಾಕುತ್ತಾರೆ. ನಮಗೆ ಬೇಕಾದದ್ದು ನಿಜವಾದ ತಾವರೆಯ ಗಟ್ಟಿ ಬೀಜ, ಸಿಪ್ಪೆ ತೆಗೆದು ಒಣಗಿಸಿದ್ದು, ಕಡಲೆಗಿಂತ ಒಂದು ಸುತ್ತು ದೊಡ್ಡದು. ಹುನಾನ್ ಪ್ರಾಂತದ ಬೀಜಕ್ಕೆ ಅಲ್ಲಿ ದೊಡ್ಡ ಹೆಸರು. ಸಿಗದಿದ್ದರೆ ಬಿಟ್ಟುಬಿಡಿ, ಸಾರೇನೂ ಕೆಡುವುದಿಲ್ಲ.

ಕೆಂಪು ಬೋರೆ ನಮ್ಮ ಎಲಚಿ ಹಣ್ಣಿನ ದಾಯಾದಿ. ಅದನ್ನೇ ದೊಡ್ಡದು ಮಾಡಿ ಒಣಗಿಸಿದಂತೆ, ಸುಕ್ಕುಗಟ್ಟಿದ ಕಡುಗೆಂಪು ಸಿಪ್ಪೆ. ಷಿನ್‌ಜಿಯಾಂಗ್‌ನ ಮರಳುಗಾಡಿನ ಅಂಚಿನ ತೋಟಗಳಿಂದ ಬರುವುದು ದಪ್ಪ, ಸಿಹಿ. ಇದರ ಬದಲು ಖರ್ಜೂರ ಹಾಕಬಹುದೇ ಎಂದು ಊರಿನವರು ಕೇಳುತ್ತಾರೆ. ಬೇಡ, ತಿಳಿ ರಸ ಜೋನಿಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಹಾಕಲೇಬೇಕೆಂದರೆ ಎರಡು ಉತ್ತತ್ತಿಯನ್ನು ನೆನೆಸಿ, ಉದ್ದಕ್ಕೆ ಸೀಳಿ ಹಾಕಿ. ಅದು ಅಷ್ಟು ಕರಗುವುದಿಲ್ಲ.

ಗೋಜಿಗೆ ಹೆಸರಾದದ್ದು ಚೀನಾದ ವಾಯವ್ಯದ ನಿಂಗ್ಶಿಯಾ ಪ್ರದೇಶ. ಒಣದ್ರಾಕ್ಷಿಗಿಂತ ಸಣ್ಣ, ಕಿತ್ತಳೆಗೆಂಪಿನ ಹಣ್ಣು. ಮರಸೇಬು ಮಾತ್ರ ಗಟ್ಟಿಯದೇ ಇರಲಿ. ಚೀನಾದವರು ಇದಕ್ಕೆ 'ಹಿಮದ ಮರಸೇಬು' ಎಂಬ ರಸಭರಿತ, ಕರಕರೆ ಜಾತಿಯನ್ನು ಹಾಕುತ್ತಾರೆ. ಬೆಂಗಳೂರಿನವರು ಬೆರಿಕಾಯಿ ಸಿಕ್ಕರೆ ಧೈರ್ಯವಾಗಿ ಹಾಕಿ, ಅದು ಬೆಂದರೂ ಆಕಾರ ಬಿಡುವುದಿಲ್ಲ. ಬೆಣ್ಣೆಯಂತೆ ಹಣ್ಣಾದ ಮೆತ್ತನೆಯ ಮರಸೇಬು ಸಾರಿನಲ್ಲಿ ಕಲಸಿಹೋಗುತ್ತದೆ.

ನೆನೆಸುವುದು

ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಡೀ ಅಡುಗೆಯಲ್ಲಿ ದೊಡ್ಡ ಅಪಾಯ ಇರುವುದು ಇಲ್ಲೇ.

ದೊಡ್ಡ ಬೋಗುಣಿಯಲ್ಲಿ ತಣ್ಣೀರು ತುಂಬಿ ಹೂವನ್ನು ಮುಳುಗಿಸಿ. ಬೋಗುಣಿ ದೊಡ್ಡದೇ ಇರಬೇಕು. ಅಂಗೈಯಗಲದ ಒಣ ಹೂವು ನೆಂದ ಮೇಲೆ ಹೂಕೋಸಿನ ಗಾತ್ರಕ್ಕೆ ಬರುತ್ತದೆ. ಒಂದು ಗಂಟೆ ಸಾಕು, ಹಳೆಯ ಸರಕಾದರೆ ಎರಡು. ನಡುವೆ ಒಮ್ಮೆ ನೀರು ಬದಲಿಸಿ, ಗಂಧಕದ ಅಂಶವೇನಾದರೂ ಇದ್ದರೆ ಅದರೊಂದಿಗೆ ಹೋಗಲಿ. ಬಿಸಿನೀರಲ್ಲಿ ನೆನೆಸಿದರೆ ಹೊರಗಿನ ಎಸಳು ಬೇಗ ಮೆತ್ತಗಾಗಿ ಒಳಗಿನ ಗಂಟು ಹಾಗೇ ಉಳಿಯುತ್ತದೆ.

ಮೊದಲ ಸಲ ನಾನೇ ಮಾಡಲು ಹೊರಟಾಗ ರಾತ್ರಿ ಮಲಗುವ ಮುಂಚೆ ನೆನೆಹಾಕಿದ್ದೆ, ಉದ್ದಿನಬೇಳೆಯನ್ನೋ ಅಲಸಂದೆಯನ್ನೋ ನೆನೆಹಾಕುವ ಹಾಗೆ. ಬೆಳಿಗ್ಗೆ ಹದ ನೋಡಲು ಬಂದ ಆಯಿ ವಿಷಯ ಕೇಳಿದವರೇ ಬೋಗುಣಿ ಎತ್ತಿ ಕಸದ ಬುಟ್ಟಿಗೆ ಸುರಿದರು. ನನಗೆ ಸಿಟ್ಟೇ ಬಂತು. ಸೆಕೆಯಲ್ಲಿ ಬಹಳ ಹೊತ್ತು ನೀರಲ್ಲಿ ಬಿದ್ದ ಬೆಳ್ಳಿ ಕಿವಿ, ಮರಗಿವಿಗಳಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದು ಬೋಂಗ್‌ಕ್ರೆಕಿಕ್ ಆಸಿಡ್ ಎಂಬ ವಿಷ ಬಿಡಬಹುದು ಎನ್ನುವುದು ಆಮೇಲೆ ತಿಳಿಯಿತು. ಇಂಡೋನೇಷ್ಯಾದಲ್ಲಿ ಕೊಬ್ಬರಿ ಹಿಂಡಿಯನ್ನು ಹುದುಗಿಸಿ ಮಾಡುವ ಬೋಂಗ್‌ಕ್ರೆಕ್ ಎಂಬ ತಿಂಡಿಯಿಂದ ಆ ವಿಷಕ್ಕೆ ಹೆಸರು ಬಂದಿದೆ. ಅಲ್ಲಿಯೂ ಚೀನಾದಲ್ಲಿಯೂ ಇದರಿಂದ ಜೀವ ಹೋದದ್ದುಂಟು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಸಾಯುವುದಿಲ್ಲ. ಎರಡು ಗಂಟೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ನೆನೆಸಿದ್ದನ್ನು ಆಗಲೇ ಒಲೆಗೇರಿಸಿ. ತಡವಾಗುವುದಾದರೆ ಫ್ರಿಜ್‌ನಲ್ಲಿಡಿ, ಅದೂ ಕೆಲವು ಗಂಟೆ ಮಾತ್ರ. ನೆಂದ ಹೂವು ಕೈಗೆ ಲೋಳೆಲೋಳೆಯಾಗಿ ಹತ್ತಿದರೆ, ಮುಟ್ಟಿದರೆ ಕಳಚಿ ಬಿದ್ದರೆ, ವಾಸನೆ ಬಂದರೆ ಚೆಲ್ಲಿ. ಲೋಳೆ ಬೇಕು ನಿಜ, ಆದರೆ ಅದು ಬೆಂಕಿಯ ಮೇಲೆ ಬರಬೇಕೇ ಹೊರತು ಬೋಗುಣಿಯಲ್ಲಲ್ಲ.

ನೆಂದ ಹೂವನ್ನು ಬೋರಲು ಹಾಕಿದರೆ ಹಳದಿ ತೊಟ್ಟು ಕಾಣುತ್ತದೆ. ಕತ್ತರಿಯಿಂದ ಅದನ್ನು ಪೂರ್ತಿ ತೆಗೆಯಿರಿ. ಎಷ್ಟು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ, ಮರಳು ಇದ್ದರೂ ಅಲ್ಲೇ ಇರುತ್ತದೆ. ಉಳಿದ ಎಸಳುಗಳನ್ನು ಕೈಯಿಂದ ಹರಿಯಿರಿ. ಎಷ್ಟು ಸಣ್ಣಗೆ? ಉಗುರಿನಷ್ಟು. ಇಲ್ಲಿ ಸೋಮಾರಿತನ ಮಾಡಿ ದೊಡ್ಡ ತುಂಡು ಬಿಟ್ಟವರು ಒಲೆಯ ಮುಂದೆ ಅರ್ಧ ಗಂಟೆ ಹೆಚ್ಚು ನಿಲ್ಲುತ್ತಾರೆ. ಈಗಿನ ಹುಡುಗರು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಹಾಕುತ್ತಾರೆ. ಲೋಳೆ ಬೇಗ ಬರುತ್ತದೆ, ಸುಳ್ಳಲ್ಲ. ಆದರೆ ಹಲ್ಲಿಗೆ ಸಿಗುವ ಆ ಕರಕ್ ಹೋದ ಮೇಲೆ ರವೆ ಗಂಜಿ ಕುಡಿದಂತೆ.

ಅಣಬೆ ನೆನೆಯುವಾಗಲೇ ತಾವರೆ ಬೀಜಗಳನ್ನು ಬಿಸಿನೀರಿನಲ್ಲಿ ಹಾಕಿಡಿ. ಅರ್ಧ ಗಂಟೆಯ ಮೇಲೆ ಒಂದೊಂದನ್ನೂ ಬಿಡಿಸಿ ನೋಡಿ, ನಡುವೆ ಹಸಿರು ಮೊಳಕೆ ಇದ್ದರೆ ಕಿತ್ತುಬಿಡಿ. ಅದು ಬೇವಿನಷ್ಟು ಕಹಿ, ಒಂದೇ ಒಂದು ಉಳಿದರೂ ಯಾರದೋ ಬಟ್ಟಲಲ್ಲಿ ಸಿಕ್ಕಿಬೀಳುತ್ತದೆ. ಅದೇ ಮೊಳಕೆಯನ್ನು ಬೇರೆಯಾಗಿ ಒಣಗಿಸಿ ಚಹಾದಂತೆ ಕುದಿಸಿ ಕುಡಿಯುವವರೂ ಅಲ್ಲಿದ್ದಾರೆ. ಬೋರೆಯನ್ನು ತೊಳೆದು ಸೀಳಿ ಬೀಜ ತೆಗೆಯಿರಿ. ಬೀಜ ಇದ್ದರೆ 'ಉಷ್ಣ' ಎಂಬುದು ಆಯಿಯ ಮಾತು.

ಉಷ್ಣ ಎಂದ ಕೂಡಲೇ ನಮಗೆ ಅರ್ಥವಾಗುತ್ತದೆ, ಇಂಗ್ಲಿಷಿನವರಿಗೆ ಹೇಳಿ ತಿಳಿಸುವುದು ಕಷ್ಟ. ಬಾಯಿಹುಣ್ಣು, ಗಂಟಲುನೋವು ಬಂದರೆ ಚೀನೀಯರು 'ಬೆಂಕಿ ಏರಿತು' ಎನ್ನುತ್ತಾರೆ, ನಾವು ಉಷ್ಣ ಆಯಿತು ಎನ್ನುವ ಹಾಗೆಯೇ. ಅವರ ಲೆಕ್ಕದಲ್ಲಿ ಬೋರೆ ಉಷ್ಣ, ಮರಸೇಬು ತಂಪು, ಬೆಳ್ಳಿ ಕಿವಿ ಒಣಗಿದ ಶ್ವಾಸಕೋಶಕ್ಕೆ ಪಸೆ ಕೊಡುವಂಥದು. ಹಾಗಾಗಿಯೇ ಇದು ಶರತ್ಕಾಲದ ಒಣಹವೆಯ ಅಡುಗೆ. ಇದು ಅಲ್ಲಿನ ಮನೆಯ ನಂಬಿಕೆ, ವೈದ್ಯರ ಚೀಟಿಯಲ್ಲ. ಕೆರೆಯುವ ಗಂಟಲಿಗೆ ಬೆಚ್ಚಗಿನ ಲೋಳೆ ಹಿತವೆನಿಸುತ್ತದೆ, ಅಷ್ಟು ನಾನೂ ಬಲ್ಲೆ. ಇದರಲ್ಲಿ 'ಸಸ್ಯದ ಕೊಲಾಜೆನ್' ಇದೆ, ಮುಖ ಹೊಳೆಯುತ್ತದೆ ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ. ಕೊಲಾಜೆನ್ ಪ್ರಾಣಿಗಳ ಮೈಯಲ್ಲಿರುವ ಪ್ರೋಟೀನು, ಈ ಲೋಳೆ ಪಾಲಿಸ್ಯಾಕರೈಡ್ ಎಂಬ ಜಾತಿಯ ಪಿಷ್ಟದ ನೆಂಟ. ಅಲ್ಲದೆ ಅಣಬೆ ಸಸ್ಯವೂ ಅಲ್ಲ.

ಒಲೆಯ ಮೇಲೆ

ಚೀನಾದಲ್ಲಿ ಇದಕ್ಕೆ ಮಣ್ಣಿನ ಗಡಿಗೆಯೇ ಶ್ರೇಷ್ಠ ಎನ್ನುತ್ತಾರೆ. ನಮಗೆ ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು, ತೆಳ್ಳಗಿನದು ಮಾತ್ರ ಬೇಡ. ಮೂರೂವರೆ–ನಾಲ್ಕು ಲೀಟರ್ ಹಿಡಿಯುವಂಥದು ತೆಗೆದುಕೊಳ್ಳಿ. ನೊರೆ ಉಕ್ಕಿದರೆ ಒಲೆ ತೊಳೆಯುವ ಕೆಲಸ ಸಣ್ಣದಲ್ಲ, ಒಣಗಿದ ಮೇಲೆ ಗೋಂದಿನ ಹಾಗೆ ಹಿಡಿಯುತ್ತದೆ.

ಹರಿದ ಅಣಬೆ, ತಾವರೆ ಬೀಜ, 2 ಲೀಟರ್ ತಣ್ಣೀರು. ಇಷ್ಟೇ ಮೊದಲು. ದೊಡ್ಡ ಉರಿಯಲ್ಲಿ ಕುದಿ ಬರಿಸಿ, ಕುದಿಯತೊಡಗಿದ ಮೇಲೂ ಹದಿನೈದು ನಿಮಿಷ ಅದೇ ಉರಿಯಲ್ಲಿ ಬಿಡಿ. ಎಸಳುಗಳು ಒಂದಕ್ಕೊಂದು ತಾಕಿ, ತಿರುಗಿ, ಅಂಚು ಕರಗಲು ಶುರುವಾಗುವುದು ಈ ಕುಣಿತದಲ್ಲೇ. ಮುಚ್ಚಳವನ್ನು ಪೂರ್ತಿ ಮುಚ್ಚಬೇಡಿ, ಅಂಚಿಗೊಂದು ಚಮಚ ಕೊಟ್ಟು ಸಂದು ಬಿಡಿ. ಆಮೇಲೆ ಉರಿ ತಗ್ಗಿಸಿ. ಮೇಲೆ ಗುಳ್ಳೆ ಅಲ್ಲೊಂದು ಇಲ್ಲೊಂದು ಏಳುತ್ತಿರಬೇಕು, ಸುಮ್ಮನೆ ಬೆಚ್ಚಗೆ ಕೂತಿರಬಾರದು.

ಮುಂದಿನ ಮುಕ್ಕಾಲು ಗಂಟೆ ಬೇಸರ ಬರುತ್ತದೆ. ನೀರು ನೀರಾಗಿಯೇ ಇರುತ್ತದೆ, ಅಣಬೆ ಅಣಬೆಯಾಗಿಯೇ. ಕೈ ತಾನಾಗಿ ಸಕ್ಕರೆ ಡಬ್ಬಿಯ ಕಡೆ ಹೋಗುತ್ತದೆ, ಏಲಕ್ಕಿಯ ಕಡೆ ಹೋಗುತ್ತದೆ, ಒಂದು ಚಮಚ ತುಪ್ಪ ಹಾಕಿದರೆ ಹೇಗೆ ಎನಿಸುತ್ತದೆ. ತಡೆದುಕೊಳ್ಳಿ. ಹೋಳಿಗೆಗೆ ಕಡಲೆಬೇಳೆ ಬೇಯುವ ಮೊದಲೇ ಬೆಲ್ಲ ಹಾಕಿದರೆ ಏನಾಗುತ್ತದೆ? ಬೇಳೆ ಕಲ್ಲಾಗಿ ಕೂರುತ್ತದೆ, ಹೂರಣ ಕಟ್ಟುವುದಿಲ್ಲ. ಇಲ್ಲಿಯೂ ಅದೇ ಸಂಗತಿ. ಸಕ್ಕರೆ ನೀರನ್ನು ತನ್ನ ಕಡೆ ಹಿಡಿದುಕೊಳ್ಳುತ್ತದೆ. ಅಣಬೆ ಉಬ್ಬಲು, ಬೀಜ ಬಿರಿಯಲು ಆ ನೀರು ಸುಲಭವಾಗಿ ದಕ್ಕುವುದಿಲ್ಲ. ನನ್ನ ಎರಡನೇ ಪ್ರಯತ್ನ ಹಾಳಾದದ್ದು ಹೀಗೆ. ಅಣಬೆ ರಬ್ಬರಿನಂತೆ, ತಾವರೆ ಬೀಜ ಗೋಲಿಯಂತೆ, ನೀರು ಬರಿಯ ಪಾನಕ.

ಮುಕ್ಕಾಲು ಗಂಟೆಯಾದ ಮೇಲೆ ಬೋರೆ ಹಾಕಿ. ಇನ್ನೂ ಮೊದಲೇ ಹಾಕಿದರೆ ರಸಕ್ಕೆ ಕಂದುಬಣ್ಣ ಹೆಚ್ಚು ಬಿಡುತ್ತದೆ, ಸಿಪ್ಪೆ ಕಳಚಿಕೊಳ್ಳುತ್ತದೆ. ಈ ಹಂತದಿಂದ ಸೌಟು ಆಡಿಸುತ್ತಿರಬೇಕು, ಐದು ನಿಮಿಷಕ್ಕೊಮ್ಮೆಯಾದರೂ. ಒಂದೇ ದಿಕ್ಕಿಗೆ ಆಡಿಸಬೇಕು ಎಂದು ಆಯಿ ಹಟ ಹಿಡಿಯುತ್ತಿದ್ದರು. ಎರಡೂ ದಿಕ್ಕಿಗೆ ಆಡಿಸಿ ನೋಡಿದ್ದೇನೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಅವರ ಮುಂದೆ ಮಾತ್ರ ಒಂದೇ ದಿಕ್ಕು. ನೀರು ತೀರ ಇಂಗಿತೆನಿಸಿದರೆ ಕುದಿಯುವ ನೀರನ್ನೇ ಸೇರಿಸಿ.

ಒಂದು ಗಂಟೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ಬದಲಾವಣೆ ಕಾಣುತ್ತದೆ. ಗುಳ್ಳೆ ಏಳುವ ಸದ್ದು ಬೇರೆಯಾಗುತ್ತದೆ, ಚಟಪಟ ಹೋಗಿ ಅಂಬಲಿ ಕುದಿಯುವ ಗುಳುಗುಳು. ಸೌಟಿನಲ್ಲಿ ಎತ್ತಿ ಸುರಿದರೆ ನೀರಿನಂತೆ ಚೆಲ್ಲದೆ ಎಣ್ಣೆಯಂತೆ ಜಾರಿ ಬೀಳುತ್ತದೆ, ಕೊನೆಯ ಹನಿ ಸೌಟಿನ ತುದಿ ಬಿಡಲು ಹಿಂದೆಮುಂದೆ ನೋಡುತ್ತದೆ. ಒಂದು ಹನಿ ತಣಿಸಿ ತುಟಿಗೆ ಹಚ್ಚಿಕೊಳ್ಳಿ, ತುಟಿಗಳು ಮೆಲ್ಲಗೆ ಅಂಟಬೇಕು. ತಾವರೆ ಬೀಜ ಬೆರಳಿನ ನಡುವೆ ಒತ್ತಿದರೆ ಬೆಂದ ಆಲೂಗಡ್ಡೆಯಂತೆ ಪುಡಿಯಾಗಬೇಕು. ಎರಡೂ ಆದವೇ? ಈಗ ಮರಸೇಬು. ಸಿಪ್ಪೆ ಹೆರೆದು, ಗಟ್ಟಿ ನಡುಭಾಗ ತೆಗೆದು, ಒಂದಂಗುಲದ ಹೋಳು ಮಾಡಿ ಹಾಕಿ. ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ ಹೋಳು ಗಾಜಿನಂತೆ ಪಾರಕವಾಗುತ್ತದೆ.

ಮರಸೇಬಿನ ಬಗ್ಗೆ ಅಲ್ಲೊಂದು ನಂಬಿಕೆ ಇದೆ: ಗಂಡಹೆಂಡತಿ ಒಂದೇ ಮರಸೇಬನ್ನು ಹೆಚ್ಚಿ ಹಂಚಿಕೊಂಡು ತಿನ್ನಬಾರದು. ಮರಸೇಬು ಹಂಚುವುದು, ಅಗಲುವುದು, ಎರಡನ್ನೂ ಚೀನೀ ಭಾಷೆಯಲ್ಲಿ ಒಂದೇ ಥರ ಉಚ್ಚರಿಸುತ್ತಾರೆ. ಬೋರೆ, ತಾವರೆ ಬೀಜಗಳ ಅದೃಷ್ಟ ಬೇರೆ. ಅವುಗಳ ಹೆಸರು ಬೇಗ ಮಕ್ಕಳಾಗಲಿ ಎಂಬ ಮಾತಿನ ಹಾಗೆ ಕೇಳಿಸುವುದರಿಂದ ಮದುವೆಮನೆಯಲ್ಲಿ ಅವಕ್ಕೆ ಎಲ್ಲಿಲ್ಲದ ಮಾನ.

ಮರಸೇಬು ಬೆಂದಾಗ ಕಲ್ಲುಸಕ್ಕರೆ. ಇದು ನಮ್ಮ ಮನೆಗಳಲ್ಲಿರುವ ಕಲ್ಲುಸಕ್ಕರೆಯೇ. ಚೀನಾದಲ್ಲಿ ಹಳದಿ ಛಾಯೆಯ ಒರಟು ಗಟ್ಟಿಗಳು ಹೆಚ್ಚು ಬಳಕೆಯಲ್ಲಿವೆ. ಮೊದಲು 60 ಗ್ರಾಂ ಹಾಕಿ ಕರಗಿಸಿ ರುಚಿ ನೋಡಿ. ನಿಮಗದು ಸಪ್ಪೆ ಎನಿಸುತ್ತದೆ, ನನಗೂ ಎನಿಸಿತ್ತು. ಚೀನೀಯರಲ್ಲಿ ಸಿಹಿತಿಂಡಿಗೆ ಸಿಗುವ ದೊಡ್ಡ ಹೊಗಳಿಕೆ 'ಅಷ್ಟೇನೂ ಸಿಹಿಯಿಲ್ಲ' ಎಂಬುದು. ನಮ್ಮಲ್ಲಿ ಪಾಯಸ ಬಡಿಸಿದವರಿಗೆ ಹಾಗೆ ಅಂದು ನೋಡಿ! ಐದು ನಿಮಿಷ ಬಿಟ್ಟು ಇನ್ನೊಮ್ಮೆ ರುಚಿ ನೋಡಿ, ಬೋರೆಯ ಮತ್ತು ಮರಸೇಬಿನ ಸಿಹಿ ಆಗ ನಾಲಗೆಗೆ ಸಿಗುತ್ತದೆ. ಆಮೇಲೂ ಬೇಕೆನಿಸಿದರೆ ಉಳಿದ 20 ಗ್ರಾಂ ಹಾಕಿ. ಬೆಲ್ಲ ಬೇಡ, ಇಷ್ಟು ಸೂಕ್ಷ್ಮ ರುಚಿಯ ಮೇಲೆ ಬೆಲ್ಲ ಸವಾರಿ ಮಾಡುತ್ತದೆ.

ಗೋಜಿ ಎಲ್ಲಕ್ಕಿಂತ ಕೊನೆ. ತೊಳೆದು ಹಾಕಿ, ಐದು ನಿಮಿಷ, ಒಲೆ ಆರಿಸಿ. ಹೆಚ್ಚು ಕುದಿದರೆ ಸಿಪ್ಪೆ ಒಡೆದು ರಸಕ್ಕೆ ಹುಳಿ ಬಿಡುತ್ತದೆ. ಮುಚ್ಚಿ ಕಾಲು ಗಂಟೆ ಹಾಗೇ ಇಡಿ, ತಣಿಯುತ್ತ ಬಂದಂತೆ ಲೋಳೆ ಇನ್ನೊಂದು ಹದ ಏರುತ್ತದೆ.

ಇಷ್ಟು ಹೊತ್ತು ಗ್ಯಾಸ್ ಉರಿಸಲು ಮನಸ್ಸಿಲ್ಲದವರಿಗೆ ಕುಕ್ಕರ್ ಇದೆ. 5 ಲೀಟರ್ ಕುಕ್ಕರಿನಲ್ಲಿ ಒಂದೂಕಾಲು ಲೀಟರ್ ನೀರು, ಅಣಬೆ, ತಾವರೆ ಬೀಜ. ಎಲ್ಲ ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು; ಲೋಳೆಯ ನೊರೆ ಮೇಲೇರಿ ವಿಷಲ್ ಕೂರುವ ತೂತನ್ನು ಕಟ್ಟಬಲ್ಲದು. ಒಂದು ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ. ಒತ್ತಡ ತಾನಾಗಿ ಇಳಿಯಲಿ, ವಿಷಲ್ ಎತ್ತಿ ಬಿಡುವ ಆತುರ ಬೇಡ, ಬಿಸಿ ಅಂಟು ಚಿಮ್ಮಿ ಕೈಗೆ ಹತ್ತಿದರೆ ಬಿಡಿಸಿಕೊಳ್ಳುವುದು ಕಷ್ಟ. ತೆರೆದ ಮೇಲೆ ಬೋರೆ, ಮರಸೇಬು, ಸಕ್ಕರೆ, ಗೋಜಿ, ಇದೇ ಸರದಿಯಲ್ಲಿ, ಮುಚ್ಚಳವಿಲ್ಲದೆ ಇಪ್ಪತ್ತೈದು ನಿಮಿಷ. ರುಚಿಯಲ್ಲಿ ಹತ್ತಕ್ಕೆ ಎಂಟು. ಕೆಲಸದ ದಿನಗಳಲ್ಲಿ ನಾನೂ ಹೀಗೇ ಮಾಡುತ್ತೇನೆ.

ಲೋಳೆ ಬರದಿದ್ದರೆ

ಎರಡು ಗಂಟೆ ಕುದಿಸಿದರೂ ನೀರಾಗಿಯೇ ಇದೆ ಎಂದರೆ ಕಾರಣ ಮೂರರಲ್ಲೊಂದು: ತುಂಡು ದೊಡ್ಡದಾಯಿತು, ಉರಿ ತೀರ ಸಣ್ಣದಾಯಿತು, ಅಥವಾ ಅಣಬೆ ಹಳತು. ಮೊದಲೆರಡಕ್ಕೆ ಔಷಧಿ ಇದೆ. ಅಣಬೆಯಲ್ಲಿ ಅರ್ಧದಷ್ಟನ್ನು ಮಾತ್ರ ತೆಗೆದು, ಆರಿದ ಮೇಲೆ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ ಮತ್ತೆ ಪಾತ್ರೆಗೆ ಸುರಿದು ಇಪ್ಪತ್ತು ನಿಮಿಷ ಕುದಿಸಿ. ಅಥವಾ ಒಲೆ ಆರಿಸಿ ಮುಚ್ಚಿಟ್ಟು ಒಂದು ಗಂಟೆ ಬಿಟ್ಟು ಮತ್ತೆ ಕಾಯಿಸಿ. ಹಳೆಯ ಅಣಬೆಗೆ ಉಪಾಯವಿಲ್ಲ. ಮೆಕ್ಕೆಜೋಳದ ಹಿಟ್ಟು (ಕಾರ್ನ್‌ಫ್ಲೋರ್) ಕದಡಿ ಹಾಕಿ ಗಟ್ಟಿ ಮಾಡುವವರಿದ್ದಾರೆ. ಅದು ಸಾರಿಗೆ ಹಾಕಿದ ಮುಖವಾಡ, ಒಂದು ತುತ್ತಿಗೇ ಗೊತ್ತಾಗುತ್ತದೆ.

ಹಣ್ಣನ್ನು ಬದಲಿಸಿ ಮಾಡಬಹುದು. ಗುವಾಂಗ್‌ಝೌ ಇರುವ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಪಪ್ಪಾಯಿಯದ್ದು ಬಹಳ ಮೆಚ್ಚಿನದು, ನಮ್ಮ ಊರಿನಲ್ಲೂ ಸುಲಭ. ಅರೆಹಣ್ಣಾದ ಗಟ್ಟಿ ಪಪ್ಪಾಯಿಯನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಿ. ಹಾಂಗ್‌ಕಾಂಗ್‌ನ ಅಂಗಡಿಗಳಲ್ಲಿ ಇದರ ಮೇಲೆ ತೆಂಗಿನ ಹಾಲು ಸುರಿದು ತಣ್ಣಗೆ ಕೊಡುವುದುಂಟು. ಕರಾವಳಿಯವರಿಗೆ ಇದು ಮೊದಲ ಚಮಚದಲ್ಲೇ ಹಿಡಿಸುತ್ತದೆ. ತೆಂಗಿನ ಹಾಲನ್ನು ಕುದಿಸದೆ ಬಟ್ಟಲಿಗೆ ಹಾಕಿಕೊಳ್ಳಿ. ಪರಿಮಳ ಬೇಕೆಂದರೆ ಅಲ್ಲಿಯವರು ಏಲಕ್ಕಿಯ ಬದಲು ಗುಯ್‌ಹ್ವಾ ಎಂಬ ಪುಟ್ಟ ಹಳದಿ ಹೂವನ್ನು ಚಿಟಿಕೆಯಷ್ಟು ಉದುರಿಸುತ್ತಾರೆ. ಗುಯ್‌ಲಿನ್ ನಗರದ ಹೆಸರಿನ ಅರ್ಥವೇ ಆ ಮರಗಳ ತೋಪು. ಹಣ್ಣಾದ ಜರ್ದಾಲಿನ ವಾಸನೆ ಅದಕ್ಕೆ. ನಾನು ಒಮ್ಮೆ ಕದ್ದುಮುಚ್ಚಿ ಏಲಕ್ಕಿ ಹಾಕಿ ನೋಡಿದೆ. ಚೆನ್ನಾಗಿಯೇ ಇತ್ತು, ಆದರೆ ಪಾಯಸವೇ ಆಗಿಹೋಯಿತು.

ಚಳಿಗೆ ಬಿಸಿಯಾಗಿ, ಸೆಕೆಗೆ ತಣ್ಣಗೆ. ಬೆಳಗಿನ ತಿಂಡಿಗೂ ನಡೆಯುತ್ತದೆ, ರಾತ್ರಿ ಊಟವಾಗಿ ಎರಡು ಗಂಟೆಯ ಮೇಲೂ ನಡೆಯುತ್ತದೆ. ಉಳಿದದ್ದನ್ನು ಪೂರ್ತಿ ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿ. ಮರುದಿನ ತೆಗೆದಾಗ ಗಟ್ಟಿಯಾಗಿ ಹೆಪ್ಪುಗಟ್ಟಿದಂತೆ ಕಂಡರೆ ಗಾಬರಿ ಬೇಡ, ಕೆಲಸ ಸರಿಯಾಗಿ ಆಗಿದೆ ಎಂಬುದಕ್ಕೆ ಅದೇ ಗುರುತು. ಅರ್ಧ ಲೋಟ ಬಿಸಿನೀರು ಹೊಯ್ದು ಸಣ್ಣ ಉರಿಯಲ್ಲಿ ಸೌಟು ಆಡಿಸುತ್ತ ಕಾಯಿಸಿ, ತಳ ಹಿಡಿಯಲು ಹೆಚ್ಚು ಹೊತ್ತು ಬೇಡ. ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು ಕಾಯಿಸಿ, ಎಂಜಲು ಚಮಚ ಅದ್ದಬೇಡಿ. ಬಾಯಿಯ ಚಮಚ ತಾಗಿದ ಸಾರು ಬೇಗ ಕೆಡುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ.